ನಿದ್ದೆ ಬಾರದ ಕರ್ನಲ್

ಚನ್ನಗಿರಿಯ ಡಿಪ್ಲೊಮಾ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ, ಆಪರೇಟಿಂಗ್ ಸಿಸ್ಟಮ್ ಪಾಠ ಮಾಡಲು ಹೊನ್ನಾಳಿ ಕಡೆಯ ಮೇಡಂ ಒಬ್ಬರು ಬಂದರು. ಪುಸ್ತಕ ಓದಿಸಿ ಬಿಡುವವರಲ್ಲ ಅವರು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲನ್ನೇ ವಿದ್ಯಾರ್ಥಿಗಳು ತಿದ್ದಿ, ಓಡಿಸಿ ನೋಡಬೇಕು ಎಂದರು. ನನಗೆ ಗಾಬರಿಯಾಯಿತು.

“ಮೇಡಂ, ಒಂದು ಸಾಲು ತಪ್ಪಿದ್ರೂ ಮಷಿನ್ ಕೆಟ್ಟು ಕೂರ್ತೈತೆ. ಮತ್ತೆ ಎಲ್ಲಾ ಹಾಕಾಕೆ ನಾನೇ ಬರ್ಬೇಕು.”

“ಮಷಿನ್ ಮುಟ್ಟೋದೇ ಬ್ಯಾಡ ಬಿಡ್ರಿ,” ಎಂದು ನಕ್ಕು ಅವರು ಪರದೆಯ ಮೇಲೆ ಒಂದು ವಿಂಡೋ ತೆರೆದರು. ಅದರೊಳಗೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮೇ ಶುರುವಾಯಿತು. ಕ್ಯಾಲ್ಕುಲೇಟರ್ ಓಡುವ ಹಾಗೆ ಇಡೀ ಕರ್ನಲ್ ಒಂದು ಸಾಮಾನ್ಯ ಪ್ರೋಗ್ರಾಮಾಗಿ ಓಡುತ್ತಿತ್ತು! ಬೇಕೆಂದೇ ಅದನ್ನು ಕೆಡಿಸಿದರು. ಆ ವಿಂಡೋ ಅಷ್ಟೇ ಮುಚ್ಚಿತು. ಕಂಪ್ಯೂಟರಿಗೆ ಏನೂ ಆಗಲಿಲ್ಲ.

ತೊಂದರೆ ಬೇರೆ ಕಡೆ ಇತ್ತು. ಆ ಕರ್ನಲ್ ಕೆಲಸವಿಲ್ಲದಾಗಲೂ ಸುಮ್ಮನಿರದೆ, ಏನಾದರೂ ಬಂತೇ ಎಂದು ನೋಡುತ್ತಲೇ ಪ್ರೊಸೆಸರನ್ನು ದುಡಿಸುತ್ತಿತ್ತು. ನಮ್ಮ ಹಳೆಯ ಯಂತ್ರಗಳು ಕಾದು ಹೋಗುತ್ತಿದ್ದವು. ಕೆಲಸ ಬರುವ ತನಕ ಅದು ಮಲಗಿರಲೆಂದು ಮೇಡಂ ಕೋಡ್ ಬದಲಿಸಿದರು. ಮಲಗಿತೇನೋ ನಿಜ, ಒಮ್ಮೊಮ್ಮೆ ಏಳಲೇ ಇಲ್ಲ. ಕೀಲಿಮಣೆ ಕುಟ್ಟಿದರೂ ಜಪ್ಪಯ್ಯ ಅನ್ನಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಟ್ಟು ಹಾಗೇ ಎದ್ದು ಬಂದರು.

“ಸಿಕ್ತು ರೀ! ಕೆಲಸ ಇಲ್ಲ ಅಂತ ನೋಡ್ತೈತೆ, ಆಮೇಲೆ ಮಲಗ್ತೈತೆ. ಅಷ್ಟರೊಳಗೆ ಏಳಿಸೋ ಸಿಗ್ನಲ್ ಬಂದ್ರೆ ಕಳೆದು ಹೋಗ್ತೈತೆ. ನೋಡೋದು, ಮಲಗೋದು ಎರಡೂ ಒಟ್ಟಿಗೇ ಆಗೋ ಹಂಗೆ ಮಾಡ್ಬೇಕು.”

ಹಾಗೇ ಮಾಡಿದರು. ಲ್ಯಾಬ್ ತಣ್ಣಗಾಯಿತು. ತಿದ್ದುಪಡಿಯನ್ನು, ಬೇರೆ ಬೇರೆ ದೇಶಗಳಲ್ಲಿದ್ದು ಇಂಟರ್ನೆಟ್ಟಿನಲ್ಲೇ ಆ ಕರ್ನಲ್ ನೋಡಿಕೊಳ್ಳುವವರಿಗೂ ಕಳಿಸಿದರು. ಯಾವುದೋ ದೇಶದಿಂದ ಒಬ್ಬರ ಉತ್ತರ ಬಂತು: ಮಲಗಿದಷ್ಟು ಹೊತ್ತು ಎಣಿಕೆ ತಪ್ಪಿ ಕರ್ನಲ್ಲಿನ ಒಳಗಿನ ಗಡಿಯಾರ ಹಿಂದೆ ಬೀಳುತ್ತದೆ, ಒಪ್ಪಲಾಗದು.

ನನಗೆ ಸಿಟ್ಟು ಬಂತು. “ನಮ್ಮಲ್ಲಿ ಚೆನ್ನಾಗೇ ಓಡ್ತೈತಲ್ರೀ, ಹಂಗಂತ ಬರೀರಿ ಮೇಡಂ.”

“ತಡೀರಿ, ನೋಡಾಣ.” ಅದನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಓಡಲು ಬಿಟ್ಟು, ಅದರ ಗಡಿಯಾರವನ್ನು ಯಂತ್ರದ ಸಮಯಕ್ಕೆ ಹೋಲಿಸಿದರು. ಹಿಂದೆ ಬಿದ್ದಿತ್ತು. “ಅವರು ಹೇಳಿದ್ದು ಸರಿ ಐತೆ ರೀ!” ಎಂದಾಗ ಅವರ ಮುಖದಲ್ಲಿ ಬೇಸರವಿರಲಿಲ್ಲ, ಹೊಸದೇನೋ ಕಲಿತ ಖುಷಿಯಿತ್ತು. ತಪ್ಪು ತನ್ನದೇ ಎಂದು ಎಲ್ಲರೂ ಓದುವಂಥ ಕಡೆ ಬರೆದು, ಧನ್ಯವಾದ ಹೇಳಿ, ಮತ್ತೆ ಕೋಡ್ ತಿದ್ದಲು ಕೂತರು. ಅಷ್ಟು ಹಗುರವಾಗಿ ಸೋಲೊಪ್ಪಿಕೊಂಡವರನ್ನು ನಾನು ಕಂಡಿರಲಿಲ್ಲ.

ಗಡಿಯಾರವೂ ಹಿಂದೆ ಬೀಳದಂಥ ಎರಡನೆಯ ತಿದ್ದುಪಡಿಯನ್ನು ಕರ್ನಲ್ಲಿನವರು ಒಪ್ಪಿಕೊಂಡರು. ಸ್ಟಾಫ್ ರೂಮಿಗೆ ನಾನೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದೆ.

ಮರುದಿನ ತರಗತಿಯಲ್ಲಿ ಅವರು ಗೆದ್ದ ಕೋಡ್ ತೋರಿಸುತ್ತಾರೆ ಎಂದುಕೊಂಡಿದ್ದೆ. ಪರದೆಯ ಮೇಲೆ ಬಂದದ್ದು ಮೊದಲನೆಯದು.

“ಇದು ವಾಪಸ್ ಬಂದಿದ್ದು. ಯಾಕೆ ಬಂತು, ನೀವೇ ಹುಡುಕ್ರಿ,” ಎಂದು ಹೇಳಿ ಮೇಡಂ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ನಾನೂ ಒಂದು ಕುರ್ಚಿ ಎಳೆದುಕೊಂಡು ಓದತೊಡಗಿದೆ.