ಹಿಡಿಕೆಯ ಮೇಲಿಲ್ಲದ ಕೆಂಪು ಬೊಟ್ಟು

ಚಿಕ್ಕಪ್ಪನ ಶೆಡ್ಡಿನಲ್ಲಿ ಕೆಂಪು ಬೊಟ್ಟಿಲ್ಲದ ವಸ್ತುವೇ ಇರಲಿಲ್ಲ. ದೋಣಿಯ ಮೋಟಾರು ಬಿಚ್ಚುವಾಗ ಪ್ರತಿ ಸ್ಕ್ರೂವಿಗೂ ಒಂದು ಬೊಟ್ಟು, ಅದು ಕೂತಿದ್ದ ತೂತಿನ ಪಕ್ಕ ಇನ್ನೊಂದು. ಸೀಮೆಎಣ್ಣೆ ಡಬ್ಬಿಯ ಮುಚ್ಚಳಕ್ಕೆ, ಕಿಟಕಿಯ ಚಿಲಕಕ್ಕೆ, ಕೊನೆಗೆ ಟೀ ಫ್ಲಾಸ್ಕಿಗೂ ಎತ್ತ ತಿರುಗಿಸಬೇಕೆಂದು ಗುರುತು. "ಮೋಟಾರು ಡಾಕ್ಟ್ರ ಹತ್ರ ಜಾಸ್ತಿ ಹೊತ್ತು ನಿಲ್ಬೇಡಿ, ನಿಮ್ಮ ಮೂಗಿಗೂ ಬೊಟ್ಟಿಟ್ಟು ಕಳಿಸ್ತಾರೆ" ಎಂದು ದೋಣಿಯವರು ನಗುತ್ತಿದ್ದರು. ಚಿಕ್ಕಪ್ಪನೂ ನಗುತ್ತಿದ್ದರು. ಈ ಅಭ್ಯಾಸ ಯಾವಾಗ ಶುರುವಾಯಿತೆಂದು ಮಾತ್ರ ಯಾರೂ ಕೇಳಲಿಲ್ಲ.

ಅವರ ಅಣ್ಣ, ಅಂದರೆ ನನ್ನ ಅಪ್ಪ, ಜನರನ್ನು ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸುತ್ತಿದ್ದರು. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಅಪ್ಪನ ಎಡಗೈ ಬಲ ಕಳೆದುಕೊಂಡಿತ್ತು. ಮೋಟಾರು ನಡೆಸುವವರೆಲ್ಲ ದೋಣಿಯ ಬಲಬದಿಗೆ ಕೂತು ಎಡಗೈಯಲ್ಲಿ ವೇಗದ ಹಿಡಿಕೆ ತಿರುಗಿಸುತ್ತಾರೆ; ಅಪ್ಪ ಎಡಬದಿಗೆ ಕೂತು ಬಲಗೈಯಲ್ಲಿ ತಿರುಗಿಸಬೇಕಿತ್ತು. ಹಾಗೆ ಕೂತರೆ ಅದರ ತಿರುವು ಕೈಗೆ ಒಗ್ಗುತ್ತಿರಲಿಲ್ಲ. ಆಗಷ್ಟೇ ಶೆಡ್ಡು ತೆರೆದಿದ್ದ ಚಿಕ್ಕಪ್ಪ ಅಣ್ಣನಿಗಾಗಿ ಹಿಡಿಕೆ ಬಿಚ್ಚಿ, ಒಳಗಿನ ಪುಟ್ಟ ಹಲ್ಲುಚಕ್ರವನ್ನು ಮಗ್ಗುಲು ಬದಲಿಸಿ ಕೂರಿಸಿದರು. ಎಲ್ಲರ ಮೋಟಾರಿನಲ್ಲಿ ಯಾವ ಕಡೆ ತಿರುಗಿಸಿದರೆ ವೇಗ ಇಳಿಯುತ್ತದೋ, ಅಪ್ಪನದರಲ್ಲಿ ಆ ಕಡೆಗೆ ಏರುತ್ತಿತ್ತು. ಹೀಗೆ ತಿರುವು ಬದಲಿಸಿದ ಹಿಡಿಕೆಯ ಮೇಲೆ ಕೆಂಪು ಬೊಟ್ಟಿಡುವುದು ಆ ಕಸುಬಿನವರ ಕಟ್ಟುಪಾಡು. ಬೇರೆಯವರ ಕೈಗೆ ಹೋದಾಗ ತಿಳಿಯಬೇಕಲ್ಲ.

ಹತ್ತು ದಿನ ಕಳೆದಿರಲಿಲ್ಲ. ಅಪ್ಪ ಜ್ವರದಲ್ಲಿ ಮಲಗಿದ್ದಾಗ ಅವರ ಗೆಳೆಯ, ಬಲೆ ಅಂಗಡಿಯ ಮಾಮ, ಅಮ್ಮನನ್ನು ಕೇಳಿ ದೋಣಿ ಒಯ್ದರು. ಅಪ್ಪ ಬಿಟ್ಟಿದ್ದ ವೇಗದಲ್ಲೇ ಹೋಗಿ, ಆಚೆ ದಡದಲ್ಲಿ ಮೋಟಾರು ಆರಿಸಿ ದೋಣಿ ನಿಲ್ಲಿಸಿದರು. ವಾಪಸು ಬರುತ್ತ ಕಟ್ಟೆ ಹತ್ತಿರವಾದಾಗ ವೇಗ ತಗ್ಗಿಸಲು ಮೊದಲ ಸಲ ಹಿಡಿಕೆ ತಿರುಗಿಸಿದರು. ದೋಣಿ ನೆಗೆದು ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಮಾಮನ ಮಂಡಿಚಿಪ್ಪು ಒಡೆಯಿತು.

"ಬೊಟ್ಟು ಇಟ್ಟಿದ್ದೆ" ಎಂದರಂತೆ ಚಿಕ್ಕಪ್ಪ, ಸೇರಿದ ಜನರೆದುರು. ಎಲ್ಲರೂ ಅಪ್ಪನ ಕಡೆ ತಿರುಗಿದರು. ಕಂಬಳಿ ಹೊದ್ದು ನಿಂತಿದ್ದ ಅಪ್ಪ, "ಹೌದು, ಇತ್ತು. ಅಳಿಸಿಹೋಗಿದೆ. ನಾನು ನೋಡ್ಕೋಬೇಕಿತ್ತು" ಎಂದರು. ನಾನಾಗ ಹುಟ್ಟಿರಲಿಲ್ಲ. ಇದೆಲ್ಲ ಅಮ್ಮ ಹೇಳಿದ್ದು.

ಆಮೇಲೆ ಅಪ್ಪ ಆ ಮೋಟಾರನ್ನು ನೀರಿಗಿಳಿಸಲೇ ಇಲ್ಲ. ಇಪ್ಪತ್ತೆರಡು ವರ್ಷ ಹುಟ್ಟು ಹಾಕಿದರು, ಆ ಕೈಯನ್ನಿಟ್ಟುಕೊಂಡು. ದೋಣಿ ಸದಾ ಒಂದು ಬದಿಗೆ ಎಳೆಯುತ್ತಿತ್ತು. ಶೆಡ್ಡಿನ ಬಾಗಿಲಿನಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಚಿಕ್ಕಪ್ಪ ತಮ್ಮ ಕೆಲಸದ ಮೇಜನ್ನು ಗೋಡೆಯ ಕಡೆ ಮುಖ ಮಾಡಿ ಹಾಕಿಕೊಂಡಿದ್ದರು.

ಹೋದ ವರ್ಷ ಅಪ್ಪ ತೀರಿಕೊಂಡರು. ಮಾಮ ಬಂದು ಅಮ್ಮನ ಹತ್ತಿರ ಆ ಮೋಟಾರು ಕೇಳಿದರು. "ಅವನ ಸಾಮಾನು. ಮೂಲೇಲಿ ಕೂತು ತುಕ್ಕು ಹಿಡಿಯೋದು ಬೇಡ." ಹಿಡಿಕೆ ಜಾಮ್ ಆಗಿತ್ತು. ಅಮ್ಮ ರಿಪೇರಿಗೆ ಶೆಡ್ಡಿಗೆ ಕಳಿಸಿದರು. ಚಿಕ್ಕಪ್ಪ ಮೂರು ತಿಂಗಳು ಅದನ್ನು ಬಿಚ್ಚಲಿಲ್ಲ.

ಒಂದು ದಿನ ನಾನು ಊಟದ ಡಬ್ಬಿ ತಂದು ಒಳಗಿಡುತ್ತಿದ್ದೆ, ಮಾಮ ಕೋಲೂರಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು.

"ಏನ್ ಡಾಕ್ಟ್ರೇ, ರೋಗಿ ಇದ್ದಾನೋ ಹೋದ್ನೋ?"

"ಪಿನ್ನು ಕಚ್ಕೊಂಡಿದೆ. ಸೀಮೆಎಣ್ಣೇಲಿ ನೆನೆಸಿದ್ದೀನಿ."

"ಮೂರು ತಿಂಗಳಿಂದ ನೆನೀತಿದೆ! ಉಪ್ಪಿನಕಾಯಿ ಹಾಕ್ತಿದ್ದೀರಾ? ಇವತ್ತು ಬಿಚ್ಚಿ. ನಾನು ಇಲ್ಲೇ ಕೂತಿರ್ತೀನಿ. ನನಗೇನು ಓಡೋ ಅವಸರ?" ಎಂದು ಕೋಲಿನಿಂದ ಮಂಡಿ ತಟ್ಟಿಕೊಂಡರು.

ಚಿಕ್ಕಪ್ಪ ನಗಲಿಲ್ಲ. ಹಳೆಯ ಬೆಡ್‌ಶೀಟು ಹಾಸಿ ಹಿಡಿಕೆಯನ್ನು ಮಲಗಿಸಿದರು. ಕಲ್ಲಿನಂತಾಗಿದ್ದ ರಬ್ಬರು ಕವಚವನ್ನು ಬ್ಲೇಡಿನಿಂದ ಸೀಳಿ ತೆಗೆದರು. ಲೋಹವನ್ನು ಬಿಸಿ ಮಾಡಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಪಿನ್ನು ಹೊರತೆಗೆದರು. ಒಳಗಿನ ಸರಳು ಜಾರಿ ಬಂತು. ಅದರ ತುದಿಯಲ್ಲಿ ಎರಡು ಹಲ್ಲು ಮುರಿದ ಪುಟ್ಟ ಚಕ್ರ, ಅವರೇ ಕೂರಿಸಿದ ಮಗ್ಗುಲಿನಲ್ಲೇ ಇತ್ತು. ಆಮೇಲೆ ಚಿಂದಿಬಟ್ಟೆಯಿಂದ ಹಿಡಿಕೆಯನ್ನು ಒರೆಸತೊಡಗಿದರು. ಕೊಳೆ ಹೋಗಿ ಬಿಳಿ ಲೋಹ ಹೊಳೆಯಿತು. ಆದರೂ ಒರೆಸುತ್ತಲೇ ಇದ್ದರು.

"ಬೊಟ್ಟು ಇಟ್ಟಿರ್ಲಿಲ್ಲ" ಎಂದರು ತಲೆಯೆತ್ತದೆ. "ಪೇಂಟಿನ ಡಬ್ಬಿ ಒಣಗಿತ್ತು. ನಾಳೆ ಇಟ್ರಾಯ್ತು ಅಂದ್ಕೊಂಡೆ. ನಿಮ್ಮ ಕಾಲು ನೋಡಿ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

ಮಾಮ ಕೋಲನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡರು. "ಗೊತ್ತು ಕಣಯ್ಯಾ."

"ಯಾರು ಹೇಳಿದ್ರು?"

"ಇನ್ಯಾರು? ನಿಮ್ಮಣ್ಣ. ಆಸ್ಪತ್ರೆಗೆ ಬಂದಾಗ. ದಿನಾ ಬೆಳಿಗ್ಗೆ ಆ ಹಿಡಿಕೆ ಒರೆಸ್ತಿದ್ದವನು ಅವನೇ ಅಲ್ವಾ, ಬೊಟ್ಟಿದ್ರೆ ಕಾಣ್ತಿರ್ಲಿಲ್ವಾ? 'ಯಾರ ಹತ್ರಾನೂ ಬಾಯಿ ಬಿಡ್ಬೇಡ, ಅವನ ಶೆಡ್ಡು ಈಗಿನ್ನೂ ಕಣ್ಣು ಬಿಡ್ತಿದೆ. ಒಂದಿನ ಅವನೇ ಬಂದು ಹೇಳ್ತಾನೆ' ಅಂದ."

ಚಿಂದಿಬಟ್ಟೆ ಚಿಕ್ಕಪ್ಪನ ಕೈಯಲ್ಲೇ ಉಳಿಯಿತು. ಎಷ್ಟೋ ಸಂಜೆ ಅಣ್ಣ ತಮ್ಮ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತು ಹವೆಯ ಬಗ್ಗೆ, ನೀರಿನ ಮಟ್ಟದ ಬಗ್ಗೆ ಮಾತಾಡುತ್ತಿದ್ದುದನ್ನು ನಾನು ನೋಡಿದ್ದೆ. ಅಪ್ಪ ಏಳುವ ಮುನ್ನ ಪ್ರತಿ ಸಲ, "ಮತ್ತೇನಪ್ಪಾ?" ಎನ್ನುತ್ತಿದ್ದರು. "ಮತ್ತೇನಿಲ್ಲಣ್ಣ" ಎನ್ನುತ್ತಿದ್ದರು ಚಿಕ್ಕಪ್ಪ.

"ಕಾದಿದ್ನಾ ಅಣ್ಣ?" ಎಂದು ಕೇಳಿದರು ಚಿಕ್ಕಪ್ಪ.

"ಮೊದಮೊದಲು ಕಾದ. ಆಮೇಲೆ ಆ ಮಾತು ಎತ್ತೋದೇ ಬಿಟ್ಟ" ಎಂದರು ಮಾಮ. ಮಂಡಿ ಸವರಿಕೊಂಡು, "ನೀವು ನನಗೂ ಹೇಳ್ಬಹುದಿತ್ತು. ಕುಂಟ್ಕೊಂಡೇ ಬಂದು ಕೇಳಿಸ್ಕೊಳ್ತಿದ್ದೆ" ಎಂದರು. ಅದು ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಚಿಕ್ಕಪ್ಪ ಎದ್ದು ಹಳೆಯ ಬಿಡಿಭಾಗಗಳ ಡಬ್ಬಿಯಲ್ಲಿ ಹುಡುಕಿ ಅದೇ ಅಳತೆಯ ಚಕ್ರವೊಂದನ್ನು ತಂದರು. ಸರಳಿಗೆ ಗ್ರೀಸು ಸವರಿದರು.

"ಯಾವ ಕಡೆ ತಿರುಗ್ಬೇಕು ನಿಮಗೆ?"

"ಎಲ್ಲರದ್ದೂ ಹೇಗೆ ತಿರುಗುತ್ತೋ ಹಾಗೆ. ನನ್ನ ಎಡಗೈ ಗಟ್ಟಿಯಾಗೇ ಇದೆ."

ಚಕ್ರ ಎಲ್ಲರ ಮೋಟಾರಿನಲ್ಲಿರುವ ಮಗ್ಗುಲಿಗೆ ಕೂತಿತು. ಪಿನ್ನು ತೂತಿಗೆ ಬಿತ್ತು. ಹೊಸ ರಬ್ಬರನ್ನು ಸೋಪಿನ ನೀರಲ್ಲಿ ಅದ್ದಿ ಏರಿಸಿದರು. ಕೈ ಅಭ್ಯಾಸಬಲದಿಂದ ಕುಂಚಕ್ಕೆ ಹೋಯಿತು. ಬೊಟ್ಟಿಡುವಂಥದ್ದು ಈಗ ಅದರಲ್ಲಿ ಏನೂ ಇರಲಿಲ್ಲ. ಕುಂಚವನ್ನು ಹಾಗೇ ವಾಪಸಿಟ್ಟರು.

ಮೋಟಾರಿಗೆ ಹಿಡಿಕೆ ಜೋಡಿಸಿದ ಮೇಲೆ ಚಿಕ್ಕಪ್ಪ ಸುತ್ತಿಕೊಂಡು ಅದರ ಎಡಬದಿಗೆ, ಅಪ್ಪ ಕೂರುತ್ತಿದ್ದ ಬದಿಗೆ, ಹೋದರು. ಬಗ್ಗಿ ಬಲಗೈಯಲ್ಲಿ ಹಿಡಿದು ಅಪ್ಪನ ಹಾಗೆ ತಿರುಗಿಸಿ ನೋಡಿದರು. ಅಪ್ಪನಿಗೆ ವೇಗ ಏರುತ್ತಿದ್ದ ಕಡೆ ಈಗ ಇಳಿಯುವ ಕಡೆಯಾಗಿತ್ತು.

"ಇನ್ನು ಅಣ್ಣನ ಕೈಗೆ ಇದು ಆಗಲ್ಲ" ಎಂದರು.