ಕಾಫಿ ಹೊತ್ತಿಗೆ ಬರುವವನಿಗೆ ಜಾಮೀನು

ಶೆಟ್ಟಿಕೊಪ್ಪದ ನಮ್ಮ ನೆರೆಮನೆಯವನು ನೀರಿನ ಕಾಲುವೆಯ ಜಗಳದಲ್ಲಿ ಮೇಲಿನ ಗದ್ದೆಯವನ ಕೈ ಮುರಿದ. ಮುರಿದದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಮೇಲಿನ ಗದ್ದೆಯವನ ಬಾಯಿ ಎಂಥದ್ದೆಂದು ನನಗೆ ಗೊತ್ತು. ಪೊಲೀಸರು ಇವನನ್ನು ಹಿಡಿದು ನರಸಿಂಹರಾಜಪುರದ ಕೋರ್ಟಿಗೆ ತಂದರು. ಇವನ ಹೆಂಡತಿಗೆ ದಿನ ತುಂಬಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಜಾಮೀನು ಸಿಗದಿದ್ದರೆ ಮಗು ಹುಟ್ಟುವಾಗ ಇವನು ಜೈಲಿನಲ್ಲಿ.

ಜಾಮೀನುದಾರನಾಗಿ ಹೋದವನು ನಾನು. ಇವನ ವಕೀಲರು ಹೊರಗೆ ನಿಲ್ಲಿಸಿ ಪಾಠ ಹೇಳಿದರು. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದು ಇವತ್ತಿನ ಪ್ರಶ್ನೆಯಲ್ಲ, ವಿಚಾರಣೆಗೆ ಬರುತ್ತಾನೋ ಓಡಿಹೋಗುತ್ತಾನೋ, ಸಾಕ್ಷಿಗಳನ್ನು ಹೆದರಿಸುತ್ತಾನೋ ಎಂಬುದನ್ನು ನೋಡುತ್ತಾರಂತೆ. ಕೇಳಿದ್ದಕ್ಕೆ ಎರಡೇ ಮಾತು ಹೇಳಿ ಎಂದರು. ನಾನು ಜನ್ಮದಲ್ಲಿ ಎರಡು ಮಾತಿಗೆ ನಿಲ್ಲಿಸಿದವನಲ್ಲ.

ಆಸಾಮಿ ಹೇಗೆ ಎಂದು ನ್ಯಾಯಾಧೀಶರು ಕೇಳಿದರು. ನಮ್ಮ ಕಡೆ ಒಬ್ಬನನ್ನು ಹೊಗಳುವುದೆಂದರೆ ಅವನಿಗೆ ಕಾಡು ಎಷ್ಟು ಗೊತ್ತು ಎಂದು ಹೇಳುವುದು. ಶುರುಮಾಡಿದೆ. ಅಣಬೆಗೆ, ಜೇನಿಗೆ ಇವನೇ ಬೇಕು, ಇವನು ತುಳಿಯದ ಕಾಲುದಾರಿಯಿಲ್ಲ, ಇಲ್ಲಿ ಕಾಡು ಹೊಕ್ಕರೆ ಕೊಪ್ಪದ ಆಚೆ ಏಳುತ್ತಾನೆ, ಊರೆಲ್ಲ ಹುಡುಕಿದರೂ ಸಿಗುವ ಪೈಕಿಯಲ್ಲ ಎಂದೆ. ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಸರ್ಕಾರಿ ವಕೀಲರು ಎದ್ದು, ತಾವು ಹೇಳಬೇಕಾದ್ದನ್ನು ಜಾಮೀನುದಾರರೇ ಹೇಳಿದ್ದಾರೆ ಎಂದು ಕುಳಿತುಬಿಟ್ಟರು. ಕಟಕಟೆಯಲ್ಲಿದ್ದ ಇವನು ಮಾತ್ರ ಹೆಮ್ಮೆಯಿಂದ ನಗುತ್ತಿದ್ದ. ಅಲ್ಲೇ ನಾಲ್ಕು ಬಿಗಿಯೋಣ ಅನ್ನಿಸಿತು.

"ಮತ್ತೆ ನೀವು ಅವನನ್ನ ಹೇಗೆ ಹುಡುಕಿ ತರ್ತೀರಿ?" ಎಂದರು ನ್ಯಾಯಾಧೀಶರು.

"ಹುಡುಕೋದು ಎಂತಕ್ಕೆ ಸ್ವಾಮಿ? ಸಂಜೆ ಕಾಫಿ ಹೊತ್ತಿಗೆ ಅವನೇ ಬರ್ತಾನೆ. ಮನೇಲಿ ಅವಳೊಬ್ಬಳೇ ಅಲ್ವಾ" ಎಂದೆ.

ಅವರು ಕಾಗದದ ಮೇಲೆ ಏನೋ ಬರೆದುಕೊಂಡರು. ಆಮೇಲೆ, ಮೇಲಿನ ಗದ್ದೆಯ ಕಡೆ ಸುಳಿಯಬಾರದು, ಕರೆದಾಗ ಬರಬೇಕು ಎಂದು ಷರತ್ತು ಹಾಕಿ ಜಾಮೀನು ಕೊಟ್ಟರು.

ತಾಯಿ, ಕೂಸು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಬಾಣಂತಿಯ ಸ್ನಾನದ ನೀರಿಗೆ ಸೊಪ್ಪು ತರುತ್ತೇನೆಂದು ಅವನು ಕಾಡಿಗೆ ಹೋದ. ಕೋರ್ಟಿನಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದ್ದ ನಾನು ಮಧ್ಯಾಹ್ನದಿಂದಲೇ ಅವನ ಜಗಲಿಯಲ್ಲಿ ಕೂತು ದಾರಿ ಕಾಯತೊಡಗಿದೆ. ಕಾಫಿ ಹೊತ್ತು ಮೀರಿತು. ಎರಡು ಸಲ ಎದ್ದು ಅಂಗಳದ ತುದಿಯವರೆಗೆ ಹೋಗಿ ಕಾಡಿನ ಕಡೆ ನೋಡಿ ಬಂದೆ. ಕತ್ತಲಾಗುವ ಮುಂಚೆ ಸೊಪ್ಪಿನ ಹೊರೆ ಹೊತ್ತು ಬಂದವನು ನನ್ನನ್ನು ನೋಡಿ ನಿಂತ.

"ಎಂತ ಮಾರಾಯ್ರೆ, ಜಡ್ಜು ನಂಬಿದ್ರು, ನೀವು ನಂಬ್ಲಿಲ್ವಾ?"

ಕೂಸನ್ನು ನೋಡಲು ಬಂದೆ ಎಂದೆ. ಕೂಸು ಒಳಗೆ ಮಲಗಿತ್ತು. ನಾನಿನ್ನೂ ಹೊಸ್ತಿಲು ದಾಟಿರಲಿಲ್ಲ.