ಕಲ್ಲೀರಲ್, ಮಣ್ಣೀರಲ್

ತಮಿಳುನಾಡಿನ ಹೊಸೂರಿಗೆ ಬಂದ ಮೊದಲ ಬೆಳಿಗ್ಗೆ ಬಸ್ಸಿನ ತಮಿಳು ಬೋರ್ಡು ಓದಲಾಗದೆ ನಿಂತೆ. ಎಂ.ಎಸ್‌ಸಿ. ಮುಗಿಸಿದ್ದ ನಾನು ಅಂದು ಅಕ್ಷರ ಬಾರದವಳು. ಗದಗಿನಲ್ಲಿ ಯಾರನ್ನೂ ಕೇಳದೆ ಓಡಾಡಿದವಳಿಗೆ ಇಲ್ಲಿ ಪ್ರತಿ ತಿರುವಿನಲ್ಲೂ ಯಾರಾದರೂ ಬೇಕಿತ್ತು.

ಆಲಸನತ್ತಂ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದೆ. ಮಾಂಸದಂಗಡಿಯಲ್ಲಿ ಕಲಿತ ಮೊದಲ ತಮಿಳು ಪದ ‘ಈರಲ್’, ಅಂದರೆ ಲಿವರ್, ಯಕೃತ್ತು. ಆ ಪದ ಬರುತ್ತದೆಂಬ ಹೆಮ್ಮೆಯೇ ನಾನು ಕೆಲಸಕ್ಕೆ ಸೇರಿದ ಔಷಧಿ ಪ್ರಯೋಗಾಲಯದಲ್ಲಿ ನನ್ನನ್ನು ಕೆಡವಿತು.

ನನ್ನ ಕೆಲಸ ಇಲಿಗಳದ್ದು. ಕೆಲವಕ್ಕೆ ಹೊಸ ಔಷಧಿ, ಉಳಿದವಕ್ಕೆ ಬರೀ ನೀರು. ದೇಹದ ಎಲ್ಲ ಅಂಗಗಳಲ್ಲೂ ಇರುವುದು ಅವೇ ಜೀನುಗಳು. ಆದರೆ ಯಕೃತ್ತಿನಲ್ಲಿ ಕೆಲವು ಎಚ್ಚರವಿರುತ್ತವೆ, ಹೊಟ್ಟೆಯ ಪಕ್ಕದ ಪುಟ್ಟ ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಬೇರೆ ಕೆಲವು. ಔಷಧಿ ಇದನ್ನು ಬದಲಿಸುತ್ತದೆಯೇ ಎಂದು ನೋಡಬೇಕಿತ್ತು. ಇಲಿಗಳನ್ನು ನೋಡಿಕೊಳ್ಳುವವರು ಹತ್ತಿರದ ಬೇರಿಕೆ ಊರಿನ ವೆಂಕಟಪ್ಪ. ಮನೆಮಾತು ಕನ್ನಡ, ಓದಿದ್ದು ತಮಿಳು. ನೀರು ಕುಡಿದ ಇಲಿಗಳನ್ನು ಕೊಯ್ಯುವುದು ನಾನು ಬರುವ ಮೊದಲೇ ಮುಗಿದಿತ್ತು; ನನ್ನ ಮೊದಲ ದಿನ ಔಷಧಿ ಕುಡಿದ ಇಲಿಗಳ ಸರದಿ. ವೆಂಕಟಪ್ಪ ಅಂಗದ ತುಣುಕುಗಳನ್ನು ತಮಿಳಿನಲ್ಲೇ ಹೆಸರು ಹೇಳಿ ಕೊಟ್ಟರು, ನಾನು ಟ್ಯೂಬುಗಳ ಮೇಲೆ ಬರೆದೆ.

ತಿಂಗಳ ನಂತರ ಫಲಿತಾಂಶ ಬಂತು. ಯಕೃತ್ತಿನ ಟ್ಯೂಬುಗಳಲ್ಲಿ ಗುಲ್ಮದ ಜೀನುಗಳು ಎಚ್ಚರವಾಗಿದ್ದವು. ನಮ್ಮ ಮೇಡಂ ಹಿಗ್ಗಿದರು. “ಔಷಧಿ ಯಕೃತ್ತನ್ನೇ ಬದಲಿಸಿದಂತಿದೆ. ವರದಿ ಬರೆಯಮ್ಮ.”

ಬರೆಯುವ ಮೊದಲು ನನಗೊಂದು ಅನುಮಾನ ಬಂತು. ಯಕೃತ್ತು ಅಷ್ಟು ಕೆಟ್ಟ ಇಲಿ ಬದುಕಿರುತ್ತಿತ್ತೇ? ಅಂದು ಯಾವುದು ಮೊದಲು ಕೊಟ್ಟಿರೆಂದು ವೆಂಕಟಪ್ಪನವರನ್ನು ಕೇಳಿದೆ.

“ಮೊದ್ಲು ಕೊಟ್ಟಿದ್ದು ಮಣ್ಣೀರಲ್ಲು ಕಣಮ್ಮ, ನಾಲಗೆಯಂಗೆ ಉದ್ದಕ್ಕಿರ್ತದಲ್ಲ, ಅದು. ಲಿವರ್ರು ಅಂದ್ರೆ ಕಲ್ಲೀರಲ್ಲು.”

ಮಣ್ಣೀರಲ್ ಎಂದರೆ ಗುಲ್ಮ; ಎರಡರ ಕೊನೆಯಲ್ಲೂ ಈರಲ್. ಮೊದಲು ಕಿವಿಗೆ ಬಿದ್ದದ್ದನ್ನೇ ಯಕೃತ್ತೆಂದು, ಆಮೇಲಿನದನ್ನು ಗುಲ್ಮವೆಂದು ಬರೆದಿದ್ದೆ.

ಅವರು ಕೈ ಒರೆಸಿಕೊಳ್ಳುತ್ತಲೇ ಇದ್ದರು. “ನನ್ ಕೆಲ್ಸಕ್ಕೇನಾರ ಬತ್ತದಾ?”

“ಬರದಾಕಿ ನಾನ ಅಲ್ಲೇನ್ರಿ,” ಎಂದು ನೇರ ಮೇಡಂ ಬಳಿ ಹೋಗಿ ಹೇಳಿದೆ.

ಅವರು ಫಲಿತಾಂಶದ ಹಾಳೆಗಳನ್ನು ಮಡಿಚಿಟ್ಟರು. ಆಮೇಲೆ ಫ್ರೀಜರ್‌ನಲ್ಲಿ ಉಳಿದಿದ್ದ ತುಣುಕುಗಳನ್ನು ಗುರುತಿಸಿ ಮತ್ತೆ ಪರೀಕ್ಷಿಸಲು ಹೇಳಿದರು. ಔಷಧಿ ಯಕೃತ್ತಿಗೆ ಏನೂ ಮಾಡಿರಲಿಲ್ಲ. ಮೇಡಂ ಮುಖ ಸಣ್ಣದಾಯಿತು. ವೆಂಕಟಪ್ಪ ಮಾತ್ರ, “ಇನ್ನೊಂದಷ್ಟು ಇಲಿ ಕುಯ್ಯೋದು ತಪ್ತಲ್ಲ,” ಎಂದರು.

ಅಂದಿನಿಂದ ಊಟದ ಬಿಡುವಿನಲ್ಲಿ ಅವರು ನನಗೆ ತಮಿಳು ಅಕ್ಷರ ಹೇಳಿಕೊಡುತ್ತಾರೆ, ನಾನು ಅವರಿಗೆ ಕನ್ನಡ. ಐವತ್ತು ದಾಟಿದ ಮನುಷ್ಯ ಒಂದು ದಿನ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದು, ಕಾಗದವನ್ನು ದೂರ ಹಿಡಿದು ನೋಡಿದರು. “ಮನ್ಯಾಗೆಲ್ಲ ಇದ್ನೇ ಮಾತಾಡೋದು. ಬರ್ದಿದ್ದು ಇದೇ ಮೊದ್ಲು.”

ಈಗ ರಜೆಗೆ ಗದಗಿಗೆ ಹೊರಡುವಾಗ ಅವರಿಗೆ “ಊರಿಗೆ ಹೋಗಿ ಬರ್ತೀನಿ” ಎನ್ನುತ್ತೇನೆ. ರಜೆ ಮುಗಿದು ಹೊಸೂರಿಗೆ ಹೊರಡುವಾಗ ಅಮ್ಮನಿಗೂ ಬಾಯಿಗೆ ಬರುವುದು ಅದೇ ಮಾತು. ಅವಳು ಬುತ್ತಿಯ ಗಂಟು ಬಿಗಿದು ಕೊಟ್ಟು, ಹೂಂ ಎನ್ನುತ್ತಾಳೆ.